ಉಳುವ ಮನೆಯ ಕವಿ: ರಾಬರ್ಟ್ ಬರ್ನ್ಸ್

ಸ್ಕಾಟ್ಲೆಂಡಿನ ಜನಕವಿ ರಾಬರ್ಟ್ ಬರ್ನ್ಸನು ನಮ್ಮ ಮಂಡ್ಯ ಜಿಲ್ಲೆಗೆ ತೀರ ಪರಕೀಯನಲ್ಲ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನದ ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಅವನ ಕವಿತೆಗೆ ಕನ್ನಡದ ಉಡುಗೆ ತೊಡಿಸಿದರು. 1915ರಲ್ಲಿ ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಜನಿಸಿದ ಕೆ. ಎಸ್. ನರಸಿಂಹಸ್ವಾಮಿಯವರು ಅವನ ಕೆಲವು ಪ್ರೇಮಗೀತೆಗಳನ್ನು ಆರಿಸಿ, ಅನುವಾದಿಸಿ, ಪ್ರತ್ಯೇಕ ಪುಸ್ತಕವಾಗಿಯೇ ಕನ್ನಡಿಗರಿಗೆ ನೀಡಿದರು. ಈ ಕವಿಯ ಬಾಳಿನಲ್ಲಿ ಶಾಲೆಗೆ ನೆರವಾಗುವವರೂ ಪಾಠ ಹೇಳುವವರೂ ಮನನ ಮಾಡಬೇಕಾದ ಸಂಗತಿಯೊಂದಿದೆ. ಅದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

ಬರ್ನ್ಸನು 1759ರ ಜನವರಿ 25ರಂದು ಏರ್‌ಷೈರ್ ಪ್ರಾಂತದ ಆಲೊವೇ ಎಂಬ ಹಳ್ಳಿಯಲ್ಲಿ, ತಂದೆಯೇ ಕಟ್ಟಿದ ಮಣ್ಣಿನ ಗೋಡೆಯ ಮನೆಯಲ್ಲಿ ಹುಟ್ಟಿದನು. ಏಳು ಮಕ್ಕಳಲ್ಲಿ ಅವನೇ ಹಿರಿಯ. ತಂದೆ ವಿಲಿಯಂ ಗೇಣಿಯ ಭೂಮಿಯನ್ನು ಉಳುತ್ತಿದ್ದ ಬಡ ಒಕ್ಕಲಿಗ. ತಾಯಿ ಆಗ್ನೆಸಳಿಗೆ ಬರೆಯಲು ಬಾರದಿದ್ದರೂ ನಾಡಿನ ಹಳೆಯ ಹಾಡುಗಳು ಅವಳ ಕಂಠದಲ್ಲಿದ್ದುವು.

ತಂದೆ ಬಡವನಾದರೂ ವಿದ್ಯೆಯಲ್ಲಿ ಅಪಾರ ಶ್ರದ್ಧೆಯುಳ್ಳವನು. 1765ರಲ್ಲಿ ಅವನೂ ನೆರೆಯ ನಾಲ್ಕು ಮನೆಯವರೂ ಕೂಡಿ, ಜಾನ್ ಮರ್ಡೋಕ್ ಎಂಬ ಹದಿನೆಂಟು ವರ್ಷದ ತರುಣನನ್ನು ಉಪಾಧ್ಯಾಯನನ್ನಾಗಿ ನೇಮಿಸಿಕೊಂಡರು. ಅವನ ಸಂಬಳಕ್ಕೆ ಎಲ್ಲರೂ ವಂತಿಗೆ ಹಾಕಿದರು. ಊಟ ವಸತಿಗಳನ್ನು ಸರದಿಯಂತೆ ತಮ್ಮ ತಮ್ಮ ಮನೆಗಳಲ್ಲಿಯೇ ಒದಗಿಸಿದರು. ಸಿರಿವಂತರಲ್ಲದ ಐದು ಕುಟುಂಬಗಳು ನಡೆಸಿದ ಆ ಪುಟ್ಟ ಶಾಲೆಯಲ್ಲಿ ಬರ್ನ್ಸನು ಓದು, ಬರಹ, ವ್ಯಾಕರಣಗಳನ್ನು ಕಲಿತನು.

ಇಲ್ಲಿ ಸ್ವಾರಸ್ಯಕರವಾದೊಂದು ವಿಷಯವುಂಟು. ಮರ್ಡೋಕ್ ಮಕ್ಕಳಿಗೆ ಪ್ರಾರ್ಥನಾಗೀತೆಗಳನ್ನು ಹೇಳಿಕೊಡಲು ಯತ್ನಿಸಿದಾಗ ರಾಬರ್ಟನ ಕಿವಿ ಮಂದವೆಂದೂ, ಕಂಠ ಶ್ರುತಿಗೆ ಕೂಡದೆಂದೂ ಕಂಡುಬಂದಿತು. ಇಬ್ಬರು ಸಹೋದರರಲ್ಲಿ ಕವಿಯಾಗುವವನು ಯಾರೆಂದು ಯಾರಾದರೂ ಕೇಳಿದ್ದರೆ ಆ ಗುರು ತಮ್ಮನಾದ ಗಿಲ್ಬರ್ಟನನ್ನೇ ಹೆಸರಿಸುತ್ತಿದ್ದನು! ಇದನ್ನು ಮುಂದೆ ಮರ್ಡೋಕನೇ ಪ್ರಾಮಾಣಿಕವಾಗಿ ಒಪ್ಪಿಕೊಂಡನು. ತಾನು ಬಿತ್ತಿದ ಬೀಜ ಯಾವ ಹೊಲದಲ್ಲಿ ಫಲಿಸುವುದೆಂದು ಒಳ್ಳೆಯ ಗುರುವಿಗೂ ತಿಳಿದಿರುವುದಿಲ್ಲ.

ಎಳೆಯ ವಯಸ್ಸಿನಲ್ಲಿಯೇ ಆಳಿನಂತೆ ದುಡಿದುದರಿಂದ ಬರ್ನ್ಸನ ದೇಹ ಕುಗ್ಗಿತು. ಗುತ್ತಿಗೆಯ ವ್ಯಾಜ್ಯದಿಂದ ಬಳಲಿದ ತಂದೆ 1784ರಲ್ಲಿ ತೀರಿಕೊಂಡನು. ದಿಕ್ಕುತೋಚದ ಕವಿ, ಗುಲಾಮರನ್ನು ದುಡಿಸುತ್ತಿದ್ದ ಜಮೈಕಾದ ತೋಟವೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹೊರಡಲು ಸಿದ್ಧನಾದನು. ಮುಂದೆ 1795ರಲ್ಲಿ ಮಾನವರ ಸಮಾನತೆಯನ್ನು ಸಾರುವ ಗೀತೆಯನ್ನು ರಚಿಸಿದವನ ಬಾಳಿನಲ್ಲಿ ಇದು ಮರೆಮಾಚಬಾರದ ಕಲೆ. 1786ರ ಜುಲೈ 31ರಂದು ಕಿಲ್ಮಾರ್ನಕ್ ಪಟ್ಟಣದಲ್ಲಿ ಅಚ್ಚಾದ ಅವನ ಮೊದಲ ಕವನಸಂಗ್ರಹವು ಆ ಪ್ರಯಾಣವನ್ನು ತಪ್ಪಿಸಿತು. 612 ಪ್ರತಿಗಳೂ ಬೇಗನೆ ಮಾರಾಟವಾದುವು.

ರಾಜಧಾನಿ ಎಡಿನ್‌ಬರೋದ ವಿದ್ವಾಂಸರು ಅವನನ್ನು ದೈವವೇ ಕಲಿಸಿದ ನೇಗಿಲಯೋಗಿಯೆಂದು ಕೊಂಡಾಡಿದರು. ಈ ಹೊಗಳಿಕೆಯಲ್ಲಿ ಅರ್ಧಸತ್ಯ ಮಾತ್ರವಿದೆ. ತಾಯಿಯ ಹಾಡು, ತಂದೆಯ ಛಲ, ಐದು ಮನೆಗಳ ವಂತಿಗೆ, ಒಬ್ಬ ತರುಣ ಗುರುವಿನ ಶ್ರಮ, ಇವಿಷ್ಟೂ ಆ ಹೊಗಳಿಕೆಯಲ್ಲಿ ಮರೆಯಾದುವು. ಇಂಗ್ಲಿಷ್ ನುಡಿಯೇ ಶಿಷ್ಟವೆಂದು ಬಗೆದು ಮನೆಮಾತಿಗೆ ನಾಚುತ್ತಿದ್ದ ಕಾಲದಲ್ಲಿ, ಎರಡನ್ನೂ ಬಲ್ಲ ಬರ್ನ್ಸನು ತನ್ನ ಶ್ರೇಷ್ಠ ಕವಿತೆಗಳಿಗೆ ತಾಯಿನುಡಿಯಾದ ಸ್ಕಾಟ್ಸ್ ಭಾಷೆಯನ್ನೇ ಆರಿಸಿಕೊಂಡನು.

ಆ ನುಡಿಯ ಋಣವನ್ನು ಅವನು ಹಾಡುಗಳ ಮೂಲಕ ತೀರಿಸಿದನು. 1787ರಿಂದ ಜೇಮ್ಸ್ ಜಾನ್ಸನ್ ಪ್ರಕಟಿಸುತ್ತ ಬಂದ ಸ್ಕಾಟಿಷ್ ಗೀತಸಂಪುಟಗಳಿಗೆ 150ಕ್ಕೂ ಹೆಚ್ಚು ಹಾಡುಗಳನ್ನು ಸಂಗ್ರಹಿಸಿ, ತಿದ್ದಿ, ಇಲ್ಲವೆ ಹೊಸದಾಗಿ ರಚಿಸಿ ಒದಗಿಸಿದನು. ಸುಂಕದ ಇಲಾಖೆಯ ಸಣ್ಣ ನೌಕರಿಯಲ್ಲಿ ಸಂಸಾರ ತೂಗಿಸುತ್ತಿದ್ದರೂ ಈ ಸೇವೆಯನ್ನು ಸಂಭಾವನೆಗಾಗಿ ಮಾಡಲಿಲ್ಲ. 1796ರ ಜುಲೈ 21ರಂದು, ಕೇವಲ 37ನೆಯ ವಯಸ್ಸಿನಲ್ಲಿ, ಡಂಫ್ರೀಸ್ ಪಟ್ಟಣದಲ್ಲಿ ನಿಧನನಾದನು. 1999ರ ಜುಲೈ 1ರಂದು ಸ್ಕಾಟ್ಲೆಂಡಿನ ನೂತನ ಸಂಸತ್ತು ಉದ್ಘಾಟನೆಗೊಂಡಾಗ ಅಲ್ಲಿ ಮೊಳಗಿದುದು ಅವನ ಸಮಾನತೆಯ ಗೀತೆಯೇ.

ಬರ್ನ್ಸನನ್ನು ಅನುವಾದಿಸಿದ ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯೂ (1942) ಹಳ್ಳಿಯ ಸಂಸಾರದ ಸರಳವಾದ ಮಾತನ್ನು ಕಾವ್ಯವಾಗಿಸಿ, ಹಾಡಾಗಿ ಮನೆಮನೆಯನ್ನು ಹೊಕ್ಕಿತು. ಅಂತಹ ಮಾತಿನ ಗಣಿ ನಮ್ಮ ಸುತ್ತಲೂ ಇದೆ. ಮದ್ದೂರು, ಮಳವಳ್ಳಿ ಸೀಮೆಯ ಸೋಬಾನೆಯ ಪದಗಳು, ನೀಲಗಾರರು ಹಾಡುವ ಮಂಟೇಸ್ವಾಮಿಯ ಕಥೆ, ಇವು ಹಿರಿಯರ ಕಂಠದಲ್ಲಿವೆ. ಹಾಡುವವರು ಹೋದರೆ ಅವರೊಡನೆ ಹಾಡೂ ಹೋಗುವುದು. ಆತಗೂರಿನ ಶಾಲೆಯ ಒಬ್ಬೊಬ್ಬ ವಿದ್ಯಾರ್ಥಿಯೂ ವರ್ಷಕ್ಕೊಂದು ಹಾಡನ್ನು ತನ್ನ ಅಜ್ಜಿಯಿಂದ ಕೇಳಿ, ಹಾಡಿದವರ ಹೆಸರು, ಊರುಗಳೊಡನೆ ಬರೆದಿಟ್ಟರೆ ಕೆಲವೇ ವರ್ಷಗಳಲ್ಲಿ ಅದೊಂದು ಭಂಡಾರವಾದೀತು. ಇದಕ್ಕೆ ಹೆಚ್ಚಿನ ಧನ ಬೇಡ, ಉಪಾಧ್ಯಾಯರ ಆಸಕ್ತಿ ಸಾಕು. ಆ ಮಕ್ಕಳಲ್ಲಿ ಕವಿ ಯಾರೆಂದು ಇಂದು ನಿರ್ಣಯಿಸುವ ಗೊಡವೆಯೂ ನಮಗೆ ಬೇಡ. ಮರ್ಡೋಕನಿಗೂ ಅದು ತಿಳಿದಿರಲಿಲ್ಲ. ಆದರೂ ಅವನು ಪಾಠ ಹೇಳಿದನು.