ತೊಗರಿ ಬೇಳೆ ಯಂತ್ರಗಳ ಸುಧಾರಣೆಗೆ ಸರ್ಕಾರದ ನೆರವು

ಆಳಂದ ತಾಲ್ಲೂಕಿನ ಮಾದನಹಿಪ್ಪರಗಾ ಭಾಗದ ಕಪ್ಪು ಭೂಮಿಗೆ ತೊಗರಿ ಒಪ್ಪಿದ ಬೆಳೆ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಆದರೆ ರೈತನು ಮಾರುವುದು ಬಹುಮಟ್ಟಿಗೆ ಕಾಳನ್ನು, ಕೊಳ್ಳುವುದು ಬೇಳೆಯನ್ನು. ಇವೆರಡರ ನಡುವಣ ಲಾಭ ಗಿರಣಿಯವರದು. ಊರಿನಲ್ಲಿಯೇ ಸಣ್ಣ ಗಿರಣಿ ಹಾಕಬೇಕು, ಇದ್ದ ಯಂತ್ರವನ್ನು ಸುಧಾರಿಸಬೇಕು ಎನ್ನುವವರಿಗೆ ಸರ್ಕಾರದ ಹಣ ಹೇಗೆ ದೊರೆಯುತ್ತದೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಸುಧಾರಣೆಗೆ ಎಡೆ ಎಲ್ಲಿದೆ ಎಂಬುದನ್ನು ನೋಡೋಣ. ತೊಗರಿ ಕಾಳಿನಲ್ಲಿ ಸುಮಾರು ಶೇಕಡಾ 85 ಭಾಗ ಬೇಳೆ, ಉಳಿದುದು ಹೆಚ್ಚಾಗಿ ಸಿಪ್ಪೆ. ಸಿಪ್ಪೆ ಮತ್ತು ಬೇಳೆಯ ನಡುವೆ ಅಂಟು ಪದಾರ್ಥವಿರುವುದರಿಂದ ಸಿಪ್ಪೆ ಸುಲಭವಾಗಿ ಬಿಡುವುದಿಲ್ಲ. ಎಣ್ಣೆ ಸವರಿ, ನೀರು ಹಾಕಿ, ದಿನಗಟ್ಟಲೆ ಬಿಸಿಲಿಗೆ ಹರಡುವ ಹಳೆಯ ಪದ್ಧತಿಯಲ್ಲಿ ಕೈಗೆ ಬರುವ ಬೇಳೆ ಶೇಕಡಾ 65ರಿಂದ 75 ಮಾತ್ರ. ಉಳಿದುದು ನುಚ್ಚು, ಹಿಟ್ಟು, ಹೊಟ್ಟಾಗಿ ಹೋಗುತ್ತದೆ. ಮೋಡ ಕವಿದರೆ ಕೆಲಸವೇ ನಿಲ್ಲುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು ಕಾಳನ್ನು ಬಿಸಿಗಾಳಿಯಲ್ಲಿ ಹದಗೊಳಿಸುವ ವಿಧಾನವನ್ನೂ ಚಿಕ್ಕ ಬೇಳೆ ಗಿರಣಿಯನ್ನೂ ರೂಪಿಸಿ ಈ ಕೊರತೆಯನ್ನು ತಗ್ಗಿಸಿತು. ಕ್ವಿಂಟಾಲಿಗೆ ಐದು ಕಿಲೋ ಬೇಳೆ ಹೆಚ್ಚಾದರೂ ಸಣ್ಣ ಗಿರಣಿಗೆ ಅದೇ ಉಳಿತಾಯ.

ಯಂತ್ರ ಕೊಳ್ಳಲು ಸಿಗುವ ಹಣ ಬೇರೆ, ಹೊಸ ಯಂತ್ರ ರೂಪಿಸಲು ಸಿಗುವ ಹಣ ಬೇರೆ. ಇದನ್ನು ತಿಳಿಯದೆ ಅರ್ಜಿ ಹಾಕಿ ವರ್ಷಗಟ್ಟಲೆ ಅಲೆಯುವವರು ಬಹಳ.

ಕೊಳ್ಳುವುದಕ್ಕಾಗಿ ಇರುವುದು 2020ರಲ್ಲಿ ಆರಂಭವಾಗಿ 2025-26ರವರೆಗೆ ಮುಂದುವರಿಸಲಾದ, ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಪ್ರಧಾನಮಂತ್ರಿ ಯೋಜನೆ. ಇದರಲ್ಲಿ ಶೇಕಡಾ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ. ಕರ್ನಾಟಕ ಸರ್ಕಾರ ಶೇಕಡಾ 15 ಸೇರಿಸಿದ್ದರಿಂದ ಒಟ್ಟು ಶೇಕಡಾ 50, ಗರಿಷ್ಠ 15 ಲಕ್ಷ. ಆದರೆ ಇದು ಕೈಗೆ ಬರುವ ನಗದಲ್ಲ. 12 ಲಕ್ಷದ ಗಿರಣಿಗೆ ಕನಿಷ್ಠ ಶೇಕಡಾ 10, ಅಂದರೆ 1 ಲಕ್ಷ 20 ಸಾವಿರ, ತಮ್ಮ ಕೈಯಿಂದ ಹಾಕಬೇಕು. ಉಳಿದುದು ಬ್ಯಾಂಕ್ ಸಾಲ. ಸಹಾಯಧನ ಬ್ಯಾಂಕಿನಲ್ಲಿಯೇ ಇದ್ದು, ಗಿರಣಿ ನಡೆಯುತ್ತಾ ಕಂತು ಸರಿಯಾಗಿ ಕಟ್ಟುತ್ತಿದ್ದರೆ ಮೂರು ವರ್ಷಗಳ ನಂತರ ಸಾಲಕ್ಕೆ ಜಮೆಯಾಗುತ್ತದೆ. ಕಂತು ತಪ್ಪಿದವನಿಗೆ ಇಡೀ ಸಾಲವೇ ಹೊರೆಯಾಗುವ ಅಪಾಯವಿದೆ. ಹೊಲದ ಪತ್ರ ಒತ್ತೆಯಿಡುವ ಮೊದಲು ಇದನ್ನು ಮನೆಮಂದಿಯೆಲ್ಲ ಕುಳಿತು ಲೆಕ್ಕ ಹಾಕತಕ್ಕದ್ದು.

ಇನ್ನು ಹೊಸದನ್ನು ರೂಪಿಸುವ ಹಣ. ಅಮೆರಿಕೆಯಲ್ಲಿ 1982ರಲ್ಲಿ ಒಂದು ಕಾನೂನು ಬಂತು. ಸಂಶೋಧನೆಗೆ ಹೆಚ್ಚು ವೆಚ್ಚ ಮಾಡುವ ಸರ್ಕಾರಿ ಇಲಾಖೆಗಳು ಅದರ ಒಂದು ಪಾಲನ್ನು ಸಣ್ಣ ಉದ್ಯಮಗಳಿಗೆ ಮೀಸಲಿಡಬೇಕೆಂಬುದೇ ಅದರ ಸಾರ. ವಿಚಾರ ಸಾಧ್ಯವೇ ಎಂದು ನೋಡಲು ಮೊದಲ ಹಂತ, ಪೂರ್ಣ ರೂಪ ಕೊಡಲು ಎರಡನೆಯದು. ಮಾರುಕಟ್ಟೆಗೆ ಒಯ್ಯುವ ಮೂರನೆಯ ಹಂತಕ್ಕೆ ಆ ಮೀಸಲು ಹಣವಿಲ್ಲ. ಭಾರತದ ಜೈವಿಕ ತಂತ್ರಜ್ಞಾನ ಇಲಾಖೆ 2005ರಲ್ಲಿ ಇಂಥದೇ ಯೋಜನೆ ಆರಂಭಿಸಿತು. ಅದು ಜೀವಾಣು ಗೊಬ್ಬರ, ಟ್ರೈಕೋಡರ್ಮಾದಂಥ ಕೆಲಸಕ್ಕೆ ಒಪ್ಪುವುದೇ ಹೊರತು ಕಬ್ಬಿಣದ ಯಂತ್ರಕ್ಕಲ್ಲ. ಯಂತ್ರದ ವಿಚಾರವಿರುವವರಿಗೆ ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯ ನವೋದ್ಯಮ ಕಾರ್ಯಕ್ರಮ ಹತ್ತಿರದ ದಾರಿ. ಧಾರವಾಡ ಕೃಷಿ ವಿಶ್ವವಿದ್ಯಾನಿಲಯವೂ ಇದರ ಕೇಂದ್ರಗಳಲ್ಲೊಂದು. ಆರಂಭದ ವಿಚಾರಕ್ಕೆ 5 ಲಕ್ಷದವರೆಗೆ, ಮುಂದಿನ ಹಂತಕ್ಕೆ 25 ಲಕ್ಷದವರೆಗೆ ಅನುದಾನಕ್ಕೆ ಅವಕಾಶ ಕಲ್ಪಿಸಲಾಗಿದೆ.

ಶಾಲೆ ಹೆಚ್ಚು ಕಲಿಯದವರಿಗೆ 2000ದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನವಿದೆ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ್ ಅವರ ಹುಣಸೆ ಬೀಜ ಬಿಡಿಸುವ ಯಂತ್ರ, ಬಿತ್ತುವ ಕೂರಿಗೆ ಮೊದಲಾದವನ್ನು ಗುರುತಿಸಿ 2015ರಲ್ಲಿ ಗೌರವಿಸಿದ್ದು ಈ ಪ್ರತಿಷ್ಠಾನವೇ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇಂಥ ಗ್ರಾಮೀಣ ಶೋಧಕರ ಪರವಾಗಿ ಪೇಟೆಂಟ್ ಅರ್ಜಿ ಹಾಕುವ ಕೆಲಸವನ್ನೂ ಪ್ರತಿಷ್ಠಾನ ಮಾಡುತ್ತದೆ.

ಪೇಟೆಂಟಿನ ಬಗ್ಗೆ ಒಂದು ಮಾತು. ನಮ್ಮ ಜನ ಹೊಸದೇನಾದರೂ ಮಾಡಿದರೆ ಮೊದಲು ಜಾತ್ರೆಯಲ್ಲಿ ತೋರಿಸುತ್ತಾರೆ, ಅದು ಸಹಜ. ಆದರೆ ಅರ್ಜಿಗೆ ಮುಂಚೆ ಎಲ್ಲರೆದುರು ತೋರಿಸಿದ ಯಂತ್ರ ಕಾನೂನಿನ ಕಣ್ಣಿಗೆ ಹೊಸದಾಗಿ ಉಳಿಯದಿರಬಹುದು. ಆದ್ದರಿಂದ ಮೊದಲು ಅರ್ಜಿ, ಆಮೇಲೆ ಪ್ರದರ್ಶನ. ಬಿತ್ತನೆಯ ಅಂತರ, ಕುಡಿ ಚಿವುಟುವ ಕ್ರಮದಂಥ ಬೇಸಾಯ ವಿಧಾನಗಳಿಗೆ ನಮ್ಮ ಕಾನೂನಿನಲ್ಲಿ ಪೇಟೆಂಟ್ ಇಲ್ಲ. ರೈತರು ಕಾಪಾಡಿದ ತಳಿಯನ್ನು 2001ರ ತಳಿ ಸಂರಕ್ಷಣಾ ಕಾಯಿದೆಯಡಿ ನೋಂದಾಯಿಸಬಹುದು.

ಅರ್ಜಿಯ ತೂಕ ಹೆಚ್ಚಿಸುವುದು ಅಳತೆಯ ದಾಖಲೆ. ಒಂದೇ ರಾಶಿಯ ತೊಗರಿಯನ್ನು ಎರಡು ಪಾಲು ಮಾಡಿ, ಒಂದನ್ನು ಹಳೆಯ ಯಂತ್ರದಲ್ಲಿ, ಇನ್ನೊಂದನ್ನು ಸುಧಾರಿಸಿದ ಯಂತ್ರದಲ್ಲಿ ಒಡೆಯಬೇಕು. ಬೇಳೆ, ನುಚ್ಚು, ಹೊಟ್ಟು ಬೇರೆಬೇರೆ ತೂಗಿ, ತಗಲಿದ ಸಮಯ ಮತ್ತು ವಿದ್ಯುತ್ತನ್ನು ದಿನಾಂಕದೊಂದಿಗೆ ಬರೆದಿಡಬೇಕು. ಕನಿಷ್ಠ ಮೂರು ಸಲ ಹೀಗೆ ಮಾಡಿ, ಸಾಧ್ಯವಾದರೆ ಒಂದು ಸಲ ಕೃಷಿ ವಿಜ್ಞಾನ ಕೇಂದ್ರದ ತಜ್ಞರ ಎದುರಿನಲ್ಲಿ ಮಾಡಿ ಸಹಿ ಪಡೆಯುವುದು ಒಳ್ಳೆಯದು.

ಗಿರಣಿಯ ಅರ್ಜಿಗೆ ಮೊದಲು ಯೋಜನೆ ಜಾರಿಯಲ್ಲಿದೆಯೇ, ಈ ವರ್ಷದ ಅನುದಾನ ಉಳಿದಿದೆಯೇ ಎಂದು ಕೃಷಿ ಇಲಾಖೆಯಲ್ಲಿ ವಿಚಾರಿಸಬೇಕು. ಪ್ರಧಾನಮಂತ್ರಿ ಯೋಜನೆಯಲ್ಲಿ ಯೋಜನಾ ವರದಿ ತಯಾರಿಸಿ ಬ್ಯಾಂಕಿನವರೆಗೆ ಜೊತೆಗಿರಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಯನ್ನು ನೇಮಿಸಲಾಗಿದ್ದು, ಅವರ ಸಂಭಾವನೆಯನ್ನು ಯೋಜನೆಯೇ ಭರಿಸುವುದರಿಂದ ಅರ್ಜಿದಾರರು ಯಾವ ಮಧ್ಯವರ್ತಿಗೂ ಹಣ ಕೊಡಬೇಕಾಗಿಲ್ಲ.