ಗುಟ್ಕಾ ಬಿಡಲು ಆಣೆ ಸಾಲದು, ಫೋನ್ ಮಾಡಿ

ಶಿವಮೊಗ್ಗದ ಹೊಸಮನೆಯಾಗಲಿ, ಭದ್ರಾವತಿಯ ಹೊಸಮನೆಯಾಗಲಿ, ಗುಟ್ಕಾ ಬಿಡುವ ವರಸೆ ಒಂದೇ: ಮಕ್ಕಳ ತಲೆ ಮುಟ್ಟಿ ಆಣೆ ಮಾಡುವುದು, ನಾಲ್ಕು ದಿನ ಹಲ್ಲು ಕಚ್ಚಿ ತಡೆಯುವುದು, ಐದನೇ ದಿನ ಗೂಡಂಗಡಿ ಹಿಂದೆ ನಿಂತು ಹಾಕಿಕೊಳ್ಳುವುದು. ಆಣೆಯಿಂದ ಚಟ ಬಿಡುವುದಿಲ್ಲ, ಸುಳ್ಳು ಹೇಳುವುದು ಅಭ್ಯಾಸವಾಗುತ್ತದೆ. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಈಗ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು. ಬೆರೆಸುವ ಕೆಲಸ ಗಿರಾಕಿಯದು. ಕಾನೂನು ಬಿಡಿಸೀತೆಂದು ಕಾಯಬೇಡಿ. ಕೈಹಿಡಿದು ನಡೆಸಲು ಆಪ್ತಸಮಾಲೋಚಕರಿದ್ದಾರೆ, ದುಡ್ಡಿಲ್ಲದೆ.

1. ಎರಡು ದಿನದ ಲೆಕ್ಕ ಬರೆಯಿರಿ. ಯಾವಾಗ ಹಾಕಿದಿರಿ, ಎಲ್ಲಿ, ಪಕ್ಕದಲ್ಲಿ ಯಾರಿದ್ದರು? ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು? ಅರ್ಧ ಗಂಟೆಯೊಳಗೇ ಬೇಕೆನಿಸಿದರೆ ಚಟ ಗಟ್ಟಿಯಾಗಿದೆ ಎಂದರ್ಥ. ಸಮಾಲೋಚಕರು ಇದನ್ನೇ ಕೇಳುತ್ತಾರೆ.

2. ಕರೆ ನೀವೇ ಮಾಡಿ. ಸಂಖ್ಯೆ ತಂಬಾಕು ಪೊಟ್ಟಣದ ಮೇಲೆಯೇ ಇದೆ: 1800-11-2356. 2016ರಲ್ಲಿ ಶುರುವಾದ ರಾಷ್ಟ್ರೀಯ ಸಹಾಯವಾಣಿ ಇದು. 2018ರಿಂದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು. ಗಂಡನ ಪರವಾಗಿ ಹೆಂಡತಿ, ಮಗನ ಪರವಾಗಿ ತಾಯಿ ಫೋನ್ ಹಿಡಿದರೆ ಹೆಚ್ಚು ಉಪಯೋಗವಿಲ್ಲ.

3. ಬಿಡುವ ತಾರೀಕು ಗೊತ್ತು ಮಾಡಿ. ಮದುವೆ, ಜಾತ್ರೆ ಇಲ್ಲದ ವಾರವಿರಲಿ. ಹಿಂದಿನ ರಾತ್ರಿಯೇ ಅಂಗಿ ಜೇಬು, ಸ್ಕೂಟರ್ ಡಿಕ್ಕಿ ಖಾಲಿ ಮಾಡಿ.

4. ಬರೀ ಅಡಿಕೆಗೆ ಹೊರಳಬೇಡಿ. ಇದನ್ನು ಬರೆದರೆ ಅಡಿಕೆ ಮಂಡಿಯವರು ಮುನಿಸಿಕೊಂಡಾರು, ಆದರೂ ಹೇಳಲೇಬೇಕು. ಗುಟ್ಕಾ ಬಿಟ್ಟವರು ‘ತಂಬಾಕಿಲ್ಲವಲ್ಲ’ ಎಂದು ಪಾನ್ ಮಸಾಲೆಗೋ ಸಿಹಿ ಅಡಿಕೆಗೋ ಇಳಿಯುವುದನ್ನು ಕಂಡು ಸಾಕಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ಪ್ರಕಟಿಸಿದೆ. ಅದರಲ್ಲಿರುವ ಅರೆಕೊಲಿನ್‌ಗೆ ಚಟ ಹಿಡಿಸುವ ಗುಣವೂ ಇದೆ. ಕೆನ್ನೆಯ ಒಳಪದರ ಬಿಗಿದು ಬಾಯಿ ತೆರೆಯಲಾಗದಂಥ ಕಾಯಿಲೆಗೆ ಮುಖ್ಯ ಕಾರಣ ಅಡಿಕೆಯೇ. ಕನ್ನಡಿ ಮುಂದೆ ನಿಂತು ತೋರು, ನಡು, ಉಂಗುರ ಬೆರಳು ಜೋಡಿಸಿ, ಮೇಲಿನ ಕೆಳಗಿನ ಮುಂಬಲ್ಲುಗಳ ನಡುವೆ ಒಂದರ ಮೇಲೊಂದು ಬರುವಂತೆ ಇಟ್ಟು ನೋಡಿ. ಮೂರೂ ಹಿಡಿಯದಿದ್ದರೆ, ಸಾರಿನ ಖಾರಕ್ಕೆ ಬಾಯಿ ಉರಿದರೆ ತಡಮಾಡದೆ ದಂತವೈದ್ಯರಿಗೆ ತೋರಿಸಿ. ‘ತೋಟ ನಮ್ಮದೇ, ಅಡಿಕೆ ಶುದ್ಧ’ ಎಂಬ ವಾದ ಬೇಡ. ಬೆಳೆಯುವುದು ಬೇರೆ, ಅಗಿಯುವುದು ಬೇರೆ. ತೋಟದ ಸಾಲ ತೀರಿಸಲು ನೀವೇ ಅಗಿಯಬೇಕಿಲ್ಲ. ಸಮಾಲೋಚಕರಿಗೆ ತಂಬಾಕಿನ ಜೊತೆ ಅಡಿಕೆಯ ಲೆಕ್ಕವನ್ನೂ ಮುಚ್ಚಿಡದೆ ಹೇಳಿ.

5. ಬೇಕು ಎನಿಸಿದಾಗ ಹತ್ತು ನಿಮಿಷ ಮುಂದೂಡಿ. ನೀರು ಗುಟುಕರಿಸಿ, ಜಾಗ ಬದಲಿಸಿ, ದೀರ್ಘ ಉಸಿರೆಳೆಯಿರಿ. ಮೊದಲ ಮೂರು ದಿನ ಸಿಡುಕು, ತಲೆನೋವು, ನಿದ್ದೆಗೇಡು ಸಹಜ. ಎರಡರಿಂದ ನಾಲ್ಕು ವಾರದಲ್ಲಿ ತಗ್ಗುತ್ತದೆ. ಮನೆಯವರು ಆ ದಿನಗಳಲ್ಲಿ ಹಂಗಿಸಬೇಡಿ.

6. ಚಟ ಬಿಡಲು ನಿಕೋಟಿನ್ ಗಮ್ ಬಳಸುವುದಾದರೆ ಅದನ್ನು ಬಬಲ್ ಗಮ್‌ನಂತೆ ಅಗಿಯಬೇಡಿ. ನಿಧಾನವಾಗಿ ಅಗಿದು, ಬಾಯಿ ಚುರುಗುಟ್ಟಿದೊಡನೆ ಕೆನ್ನೆಯ ಸಂದಿಗೆ ಒತ್ತರಿಸಿ. ಚುರುಕು ಇಳಿದ ಮೇಲೆ ಮತ್ತೆ ಅಗಿಯಿರಿ. ಹದಿನೈದು ನಿಮಿಷ ಮೊದಲಿನಿಂದ ಕಾಫಿ ಬೇಡ. ಹೃದ್ರೋಗಿಗಳು, ಗರ್ಭಿಣಿಯರು, ಬಾಯಿ ಬಿಗಿದವರು ವೈದ್ಯರನ್ನು ಕೇಳದೆ ಮುಟ್ಟಬಾರದು.

7. ಸಮಾಲೋಚಕರೇ ಮತ್ತೆ ಕರೆ ಮಾಡುತ್ತಾರೆ. ಗುರುತಿಲ್ಲದ ಸಂಖ್ಯೆಯೆಂದು ಕತ್ತರಿಸಬೇಡಿ. ಜಾರಿದ್ದರೆ ಹೇಳಿಬಿಡಿ, ಹೊಸ ತಾರೀಕು ಹಾಕಿಕೊಳ್ಳಿ.

ಮನಸ್ಸು ತೀರಾ ಕುಗ್ಗಿದರೆ ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ. ಎದುರು ಕೂತು ಮಾತಾಡಬೇಕೆನ್ನುವವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ವಿಚಾರಿಸಿ. ಗುಟ್ಕಾ ಜೊತೆ ಕುಡಿತವನ್ನೂ ಬಿಡಲು ಹೊರಟಿದ್ದರೆ, ದಿನವೂ ಕುಡಿಯುವವರು ಮಾತ್ರ ಮದ್ಯವನ್ನು ತಟ್ಟನೆ ನಿಲ್ಲಿಸಬೇಡಿ, ಜೀವಕ್ಕೆ ಅಪಾಯ. ಮೊದಲು ವೈದ್ಯರನ್ನು ಕಾಣಿ.