ಕುವೈತ್‌ನ ಬಿಸಿಲು, ದೂಳು: ಆರೋಗ್ಯ ಕಾಪಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ಉಡುಪಿಯವನು, ಕುವೈತ್‌ನಲ್ಲಿ ಕಟ್ಟಡ ಕೆಲಸ. ಬಿಸಿಲಿಗೆ ತಲೆ ಸುತ್ತುತ್ತದೆ, ದೂಳೆದ್ದರೆ ಕೆಮ್ಮು. ಏನು ಮಾಡಲಿ?

ಉತ್ತರ: ತಲೆಸುತ್ತನ್ನು ಕಡೆಗಣಿಸಬೇಡಿ. ತಕ್ಷಣ ನೆರಳಿಗೆ ಬಂದು ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟುಕೊಳ್ಳಿ. ಬಾಯಾರುವವರೆಗೆ ಕಾಯದೆ ಕಾಲು ಗಂಟೆಗೊಮ್ಮೆ ಒಂದು ಲೋಟ ನೀರು ಕುಡಿಯಿರಿ. ತುಂಬಾ ಬೆವರಿದರೆ ಓಆರ್‌ಎಸ್ ಕೂಡ. ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರ ತನಕ ಬಿಸಿಲಲ್ಲಿ ದುಡಿಸುವುದಕ್ಕೆ ಅಲ್ಲಿ ನಿಷೇಧವಿದೆ. ಈ ಬಿಡುವು ನಿಮ್ಮ ಹಕ್ಕು, ಬಿಟ್ಟುಕೊಡಬೇಡಿ.

ದೂಳೆದ್ದ ದಿನ ಕರವಸ್ತ್ರ ಸಾಲದು. ಮೂಗಿಗೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಬೇಕು. ಕೆಮ್ಮು ನಿಲ್ಲದಿದ್ದರೆ ವೈದ್ಯರನ್ನು ಕಾಣಿ.

ಜೊತೆಗಾರರು ಯಾರಾದರೂ ಅಸಂಬದ್ಧ ಮಾತಾಡಿದರೆ, ಪ್ರಜ್ಞೆ ತಪ್ಪಿದರೆ 112ಕ್ಕೆ ಕರೆಮಾಡಿ. ಮೈಗೆ ನೀರು ಸುರಿಯುತ್ತಿರಿ. ಪ್ರಜ್ಞೆಯಿಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.